ಥೈರಾಯ್ಡ್‌ಗೆ ‘ನ್ಯಾಚುರಲ್’ ಮಾತ್ರೆ: ಯಾವುದು, ಎಷ್ಟು?

ಪ್ರಶ್ನೆ: ಮೇಡಂ, ನನಗೆ 44 ವರ್ಷ, ತೂಕ 62 ಕೆ.ಜಿ. ಊರು ಸಾಗರ, ಈಗ ಇರುವುದು ಡಲ್ಲಾಸ್‌ನಲ್ಲಿ. ಹಾಶಿಮೊಟೊ ಥೈರಾಯ್ಡ್ ಇದೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವ ಕಾಯಿಲೆ. ಲೆವೊಥೈರಾಕ್ಸಿನ್ 75 ಮೈಕ್ರೊಗ್ರಾಂ ತಗೊಳ್ತಿದ್ದೆ. ಆದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 6.8 ಇತ್ತು; ಅದು ಜಾಸ್ತಿ ಇದ್ದರೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥವಂತೆ. ಸುಸ್ತು, ಚಳಿ, ಕೂದಲು ಉದುರುವುದು ಯಾವುದೂ ನಿಲ್ಲಲಿಲ್ಲ. ಇಲ್ಲಿನ ಒಂದು ವೆಲ್‌ನೆಸ್ ಕ್ಲಿನಿಕ್‌ನವರು ‘ನ್ಯಾಚುರಲ್ ಮಾತ್ರೆ ಒಳ್ಳೇದು’ ಅಂತ ಆರ್ಮರ್ ಥೈರಾಯ್ಡ್ 90 ಮಿಲಿಗ್ರಾಂ, ಅಂದರೆ ಒಂದೂವರೆ ಗ್ರೇನ್ ಕೊಟ್ಟರು. ಮೊದಮೊದಲು ಹುರುಪು ಬಂತು. ಈಗ ಮಾತ್ರೆ ನುಂಗಿದ ಮೂರ್ನಾಲ್ಕು ಗಂಟೆಗೆ ಎದೆ ಡವಡವ ಅನ್ನುತ್ತೆ, ರಾತ್ರಿ ನಿದ್ದೆ ಇಲ್ಲ. ಟಿಎಸ್‌ಎಚ್ 0.05ಕ್ಕೆ ಇಳಿದಿದೆ. ‘ಈ ಬ್ರ್ಯಾಂಡ್ ನಿಮಗೆ ಹೊಂದಿಲ್ಲ, ಬೇರೆ ನ್ಯಾಚುರಲ್ ನೋಡೋಣ’ ಅಂತಾರೆ. ಯಾವುದು ತಗೊಳ್ಳಲಿ, ಎಷ್ಟು? ಇದು ಹಂದಿಯದ್ದು ಅಂತ ಗೆಳತಿ ಹೇಳಿದಳು, ನಿಜವಾ? ನಾವು ಸಸ್ಯಾಹಾರಿಗಳು. ಹುಬ್ಬಳ್ಳಿಯ ತಂಗಿಗೂ ಥೈರಾಯ್ಡ್ ಇದೆ. ಮಗುವಿಗೆ ಪ್ರಯತ್ನ ಮಾಡುತ್ತಿದ್ದಾಳೆ, ‘ನನಗೂ ಒಂದು ಬಾಟ್ಲಿ ತಗೊಂಡು ಬಾ’ ಅಂತಾಳೆ. ಅಂದ ಹಾಗೆ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಎದ್ದ ತಕ್ಷಣ ಕಾಫಿ ಜೊತೆ ಅದು, ತಿಂಡಿ ಹೊತ್ತಿಗೆ ಕ್ಯಾಲ್ಸಿಯಂ, ಕೂದಲಿಗೆ ಬಯೋಟಿನ್.
— ಹೆಸರು ಬೇಡ, ಡಲ್ಲಾಸ್

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ‘ಅಂದ ಹಾಗೆ’ ಅಂತ ಕೊನೆಗೆ ಸೇರಿಸಿದ ಸಾಲು. ಅಲ್ಲಿಗೆ ಬರುತ್ತೇನೆ, ಮೊದಲು ಹಂದಿಯ ವಿಷಯ.

ನಿಜ. ಆರ್ಮರ್, ಅದೇ ಬಗೆಯ ಇನ್ನೊಂದು ಬ್ರ್ಯಾಂಡ್ ಎನ್‌ಪಿ ಥೈರಾಯ್ಡ್, ಎರಡೂ ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿದ ಮಾತ್ರೆಗಳು. ನ್ಯಾಚುರಲ್ ಅಂದ ತಕ್ಷಣ ನಮ್ಮವರಿಗೆ ಎಲೆ, ಬೇರು, ಕಷಾಯ ನೆನಪಾಗುತ್ತದೆ. ಕೊಡುವಾಗಲೇ ಇದನ್ನು ಹೇಳಬೇಕಿತ್ತು. ಹೇಳದೆ ಕೊಟ್ಟಿದ್ದು ಸರಿಯಲ್ಲ. ಲೆವೊಥೈರಾಕ್ಸಿನ್‌ನಲ್ಲಿ ಪ್ರಾಣಿಯ ಗ್ರಂಥಿ ಇಲ್ಲ. ನಮ್ಮ ದೇಹ ತಯಾರಿಸುವ ಟಿ4 ಹಾರ್ಮೋನನ್ನೇ ಲ್ಯಾಬಿನಲ್ಲಿ ಮಾಡುತ್ತಾರೆ. ಅಣು ಒಂದೇ, ಏನೂ ವ್ಯತ್ಯಾಸವಿಲ್ಲ.

ಗ್ರಂಥಿಯ ಔಷಧ ಹೊಸದೇನಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಸಾರವನ್ನು ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮುಂದೆ 28 ವರ್ಷ ಬದುಕಿದ್ದರು. ಆಮೇಲೆ ದಶಕಗಳ ಕಾಲ ಒಣಗ್ರಂಥಿಯ ಮಾತ್ರೆಯೇ ಗತಿಯಾಗಿತ್ತು. ‘ಗ್ರೇನ್’ ಅನ್ನುವ ಹಳೇ ಅಳತೆ ಇನ್ನೂ ಉಳಿದಿರುವುದೂ ಅದಕ್ಕೇ. 1970ರಲ್ಲಿ ಅಮೆರಿಕದ ಸಂಶೋಧಕರು ಒಂದು ಸಂಗತಿ ತೋರಿಸಿದರು. ಥೈರಾಯ್ಡ್ ಇಲ್ಲದವರಿಗೆ ಬರೀ ಟಿ4 ಕೊಟ್ಟರೂ ದೇಹ ಅದರಿಂದ ತಾನೇ ಟಿ3, ಅಂದರೆ ಇನ್ನೂ ಚುರುಕಾದ ಥೈರಾಯ್ಡ್ ಹಾರ್ಮೋನ್, ಮಾಡಿಕೊಳ್ಳುತ್ತದೆ. ವೈದ್ಯರು ಲೆವೊಥೈರಾಕ್ಸಿನ್ ಕಡೆ ಹೆಚ್ಚು ವಾಲಿದ್ದು ಆಮೇಲೆ.

ಈಗ ನಿಮ್ಮ ಎದೆ ಡವಡವ. ಆರ್ಮರ್‌ನ ಒಂದು ಗ್ರೇನ್, ಅಂದರೆ 60 ಮಿಲಿಗ್ರಾಂ, ತಗೊಂಡರೆ 38 ಮೈಕ್ರೊಗ್ರಾಂ ಟಿ4, 9 ಮೈಕ್ರೊಗ್ರಾಂ ಟಿ3 ಸಿಗುತ್ತದೆ. ನಿಮ್ಮ ಒಂದೂವರೆ ಗ್ರೇನ್‌ಗೆ 57 ಮತ್ತು 13.5. ಹಂದಿಯಲ್ಲಿ ಟಿ4 ನಾಲ್ಕು ಪಾಲಾದರೆ ಟಿ3 ಒಂದು ಪಾಲು. ಮನುಷ್ಯರ ಗ್ರಂಥಿ ಹೊರಬಿಡುವುದರಲ್ಲಿ ಟಿ4 ಹದಿನಾಲ್ಕು ಪಾಲಾದರೆ ಟಿ3 ಒಂದು. ಅದೂ ಇಡೀ ದಿನ ಸ್ವಲ್ಪಸ್ವಲ್ಪವೇ ಬರುತ್ತದೆ. ನೀವು ಒಂದೇ ಗುಟುಕಿಗೆ ನುಂಗುತ್ತೀರಿ. ಟಿ3 ಬೇಗ ರಕ್ತಕ್ಕೆ ಸೇರಿ ಕೆಲವೇ ಗಂಟೆಗಳಲ್ಲಿ ಮೇಲೇರುತ್ತದೆ. ನಿಮ್ಮ ಡವಡವದ ಹೊತ್ತಿಗೂ ಇದಕ್ಕೂ ಸರಿಯಾಗಿ ತಾಳೆಯಾಗುತ್ತದೆ, ಅಲ್ವಾ? ಎನ್‌ಪಿಯಲ್ಲೂ ಲೆಕ್ಕ ಇದೇ. ಬ್ರ್ಯಾಂಡ್ ಬದಲಿಸಿದರೆ ಬಾಟ್ಲಿ ಬದಲಾಗುತ್ತದೆ, ಅಷ್ಟೇ.

ಮತ್ತೆ ಮೊದಲು ಹುರುಪು ಬಂದಿದ್ದು ಸುಳ್ಳಾ? ಸುಳ್ಳಲ್ಲ. 2013ರಲ್ಲಿ ಅಮೆರಿಕದಲ್ಲಿ 70 ಜನರಿಗೆ ಎರಡೂ ಮಾತ್ರೆಗಳನ್ನು, ಯಾವುದು ಯಾವುದೆಂದು ತಿಳಿಸದೆ, ಒಂದಾದ ಮೇಲೊಂದು ಕೊಟ್ಟು ನೋಡಿದ್ದರು. 34 ಜನ ಗ್ರಂಥಿಯ ಮಾತ್ರೆಯೇ ಹಿತ ಅಂದರು, 13 ಜನ ಲೆವೊಥೈರಾಕ್ಸಿನ್ ಅಂದರು. ಉಳಿದವರಿಗೆ ಎರಡೂ ಒಂದೇ. ಒಟ್ಟಾರೆ ಲಕ್ಷಣಗಳ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ‘ಇದು ವಿಷ, ಮುಟ್ಟಬೇಡಿ’ ಅಂತ ಬೈಯುವವಳು ನಾನಲ್ಲ. ಕೆಲವರಿಗೆ ಹಿತ ಅನ್ನಿಸಬಹುದು. ಆದರೆ ಟಿಎಸ್‌ಎಚ್ ಇಷ್ಟು ಕೆಳಗೆ, ಅಂದರೆ ಹಾರ್ಮೋನ್ ಅತಿಯಾಗಿ, ಇಟ್ಟುಕೊಂಡು ಸಿಗುವ ಹುರುಪಿಗೆ ಹೃದಯ, ಮೂಳೆ ಬೆಲೆ ತೆರುತ್ತವೆ. ಹೃದಯದ ಬಡಿತ ತಾಳ ತಪ್ಪಬಹುದು. ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಿದ್ದೀರಿ, ಮೂಳೆ ಸವೆಯುವುದೂ ಚಿಂತೆಯ ಮಾತೇ.

ಈಗ ಆ ಕೊನೆಯ ಸಾಲು. ಕಾಫಿ ಮತ್ತು ಕ್ಯಾಲ್ಸಿಯಂ ಎರಡೂ ಲೆವೊಥೈರಾಕ್ಸಿನ್ ಕರುಳಿನಲ್ಲಿ ಹೀರಿಕೊಳ್ಳದಂತೆ ಅಡ್ಡ ನಿಲ್ಲುತ್ತವೆ. ನೀವು 75 ನುಂಗುತ್ತಿದ್ದರೂ ಮೈಗೆ ಪೂರ್ತಿ ಸೇರುತ್ತಿರಲಿಲ್ಲ. ಜೊತೆಗೆ ಆ 75 ಕೂಡ ಕಡಿಮೆಯೇ ಇದ್ದಿರಬಹುದು. ಗ್ರಂಥಿ ಪೂರ್ತಿ ಸೋತವರಿಗೆ ಕೆ.ಜಿ.ಗೆ ಸುಮಾರು 1.6 ಮೈಕ್ರೊಗ್ರಾಂ ಲೆಕ್ಕ. ನಿಮ್ಮ ತೂಕಕ್ಕೆ 100ರ ಹತ್ತಿರ. ಅಂದರೆ ಹಳೇ ಮಾತ್ರೆಯನ್ನು ಸರಿಯಾಗಿ ಪರೀಕ್ಷೆ ಮಾಡುವ ಮೊದಲೇ ‘ಹೊಂದಲಿಲ್ಲ’ ಅಂತ ತೀರ್ಮಾನ ಆಗಿಹೋಗಿದೆ. ಬಯೋಟಿನ್ ಕಥೆ ಇನ್ನೂ ತಮಾಷೆಯದು. ಅದು ಕೂದಲಿಗೆ ಏನು ಮಾಡುತ್ತದೋ ಬಿಡಿ, ಅನೇಕ ಲ್ಯಾಬ್‌ಗಳ ಪರೀಕ್ಷೆಯನ್ನು ಕೆಡಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಮತ್ತು ಟಿ3 ಜಾಸ್ತಿ ತೋರಿಸಬಹುದು. ನಿಮ್ಮ 0.05ರಲ್ಲಿ ಅದರ ಪಾಲೂ ಇರಬಹುದು. ಡವಡವ ಇರುವುದರಿಂದ ಪೂರ್ತಿ ಸುಳ್ಳಂತೂ ಅಲ್ಲ.

ಪತ್ರ ನೋಡಿ ಡೋಸ್ ಬರೆಯುವುದು ತಪ್ಪು, ಬರೆಯುವುದಿಲ್ಲ. ಡಲ್ಲಾಸ್‌ನಲ್ಲೇ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಈ ವಾರವೇ ಹೋಗಿ. ಎದೆಬಡಿತಕ್ಕೆ ಇಸಿಜಿ ಕೇಳಿ. ಎದೆ ನೋವು, ತಲೆ ಸುತ್ತು, ಉಸಿರುಗಟ್ಟುವುದು ಬಂದರೆ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ಬಯೋಟಿನ್ ಎರಡು ಮೂರು ದಿನ ಬಿಟ್ಟು, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ನಾನಾಗಿದ್ದರೆ ನಿಮ್ಮನ್ನು ಲೆವೊಥೈರಾಕ್ಸಿನ್‌ಗೇ ವಾಪಸ್ ತರುತ್ತಿದ್ದೆ. ಬರೀ ನೀರಿನ ಜೊತೆ, ಕಾಫಿಗೆ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಆಚೆ. ಡಿಕಾಕ್ಷನ್ ಮೂಗಿಗೆ ಬಡಿದ ಮೇಲೆ ಒಂದು ಗಂಟೆ ಕಾಯುವುದು ಕಷ್ಟ, ನನಗೆ ಗೊತ್ತು. ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೊಳ್ಳಿ. ಟಿ4 ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಅದಕ್ಕೇ ಡೋಸ್ ಬದಲಿಸಿ ಹತ್ತೇ ದಿನಕ್ಕೆ ಟೆಸ್ಟ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಆರರಿಂದ ಎಂಟು ವಾರ ಬಿಡಿ.

ಹಿಮೊಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12 ಕೂಡ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಹಾಶಿಮೊಟೊ ಇದ್ದವರಲ್ಲಿ ಇನ್ನೂ ಎಚ್ಚರ ಬೇಕು. ಸುಸ್ತು, ಕೂದಲು ಎರಡಕ್ಕೂ ಕಾರಣ ಅಲ್ಲೇ ಸಿಕ್ಕರೂ ಸಿಗಬಹುದು.

ತಂಗಿಗೆ ಬಾಟ್ಲಿ ಖಂಡಿತ ಬೇಡ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಟಿ4 ಮೇಲೆ ನಿಂತಿರುತ್ತದೆ. ಈ ಮಾತ್ರೆಯಲ್ಲಿ ಅದೇ ಕಡಿಮೆ. ಬಸುರಿಯಾದದ್ದು ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಲು ಹೇಳಿ. ಸಾಮಾನ್ಯವಾಗಿ ಆಗ ಲೆವೊಥೈರಾಕ್ಸಿನ್ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ.

ಪ್ರಶ್ನೆ: ಅಮ್ಮನಿಗೆ ಥೈರೋನಾರ್ಮ್ (ಲೆವೊಥೈರಾಕ್ಸಿನ್ ಮಾತ್ರೆ) 100 ನಡೆಯುತ್ತಿದೆ. ಪರಿಚಯದವರೊಬ್ಬರು ಕಾಂಚನಾರ ಗುಗ್ಗುಲು, ಅಶ್ವಗಂಧ ಶುರು ಮಾಡಿಸಿ ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ’ ಅಂದಿದ್ದಾರೆ. ನಿಲ್ಲಿಸಬಹುದಾ?
— ಓದುಗ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ. ಕಾಂಚನಾರ ಗುಗ್ಗುಲುವಿನಲ್ಲಿ ಥೈರಾಯ್ಡ್ ಹಾರ್ಮೋನ್ ಇಲ್ಲ. ಗ್ರಂಥಿ ಸೋತಿದ್ದರೆ ಇಲ್ಲದ ಹಾರ್ಮೋನನ್ನು ಅದು ತುಂಬಿಕೊಡುವುದಿಲ್ಲ. ಅಶ್ವಗಂಧ ಕೆಲವರಲ್ಲಿ ಹಾರ್ಮೋನ್ ಮಟ್ಟ ಏರಿಸುತ್ತದೆ, ಮಾತ್ರೆಯ ಜೊತೆ ಸೇರಿದರೆ ಜಾಸ್ತಿಯಾಗಬಹುದು. ಮಾತ್ರೆ ನಿಲ್ಲಿಸಿದ ಮೊದಲ ವಾರ ಅಮ್ಮ ಚೆನ್ನಾಗಿಯೇ ಇರುತ್ತಾರೆ, ಹಳೇ ಟಿ4 ಮೈಯಲ್ಲಿ ಇರುತ್ತದಲ್ಲ. ‘ನೋಡಿದ್ರಾ, ಬೇಕಾಗೇ ಇರಲಿಲ್ಲ’ ಅಂತ ಆ ಪರಿಚಯದವರು ಹೇಳುವುದು ಆಗಲೇ. ಅಶ್ವಗಂಧ ಈಗಾಗಲೇ ಶುರುವಾಗಿದ್ದರೆ ಅವರ ಡಾಕ್ಟರಿಗೆ ತಿಳಿಸಿ, ಒಮ್ಮೆ ಟಿಎಸ್‌ಎಚ್ ಮಾಡಿಸಿ.