ಓದುಗರ ಪ್ರಶ್ನೆ: ಬಂಗಾಳಿಯ ‘ವೀರ ಮದಕರಿ’ ಮತ್ತು ಇಬ್ಬರು ಪ್ರಸೇನ್‌ಜಿತ್

ಪ್ರಶ್ನೆ: ಸುದೀಪ್ ಅವರ ‘ವೀರ ಮದಕರಿ’ಯ ಕಥೆ ಬಂಗಾಳಿಯಲ್ಲಿಯೂ ಪ್ರಸೇನ್‌ಜಿತ್ ಚಟರ್ಜಿಯವರ ದ್ವಿಪಾತ್ರದಲ್ಲಿ ಬಂದಿದೆಯಂತೆ, ನಿಜವೇ? ಕಲಾತ್ಮಕ ಚಿತ್ರಗಳಿಗೆ ಹೆಸರಾದ ಬಂಗಾಳಕ್ಕೆ ಇಂಥ ಹೊಡೆದಾಟದ ರಿಮೇಕ್ ಏಕೆ ಬೇಕಾಯಿತು?

ಉತ್ತರ: ನಿಜ. ಹರನಾಥ್ ಚಕ್ರವರ್ತಿ ನಿರ್ದೇಶನದ ‘ಬಿಕ್ರಮ್ ಸಿಂಘ’ 2012ರಲ್ಲಿ ತೆರೆಕಂಡಿತು. ಇದರ ಮೂಲ ರಾಜಮೌಳಿಯವರು ರವಿತೇಜ ಅವರನ್ನು ನಾಯಕನಾಗಿಸಿ 2006ರಲ್ಲಿ ತೆಗೆದ ತೆಲುಗಿನ ‘ವಿಕ್ರಮಾರ್ಕುಡು’. ಪೊಲೀಸ್ ಅಧಿಕಾರಿಯೊಬ್ಬನ ಜಾಗದಲ್ಲಿ ಅವನಂತೆಯೇ ಕಾಣುವ ಕಳ್ಳನೊಬ್ಬ ನಿಲ್ಲುವುದು ಅದರ ತಿರುಳು. ಅದೇ ಕಥೆ 2009ರಲ್ಲಿ ಕನ್ನಡಕ್ಕೂ 2011ರಲ್ಲಿ ತಮಿಳಿಗೂ ಬಂದು, ಬಂಗಾಳಿ ಚಿತ್ರ ಬಂದ ವರ್ಷವೇ ಅಕ್ಷಯ್ ಕುಮಾರ್ ಅವರ ಮೂಲಕ ಹಿಂದಿಗೂ ಹೋಯಿತು.

ಬಂಗಾಳವೆಂದರೆ ಕಲಾತ್ಮಕ ಚಿತ್ರ ಮಾತ್ರ ಎಂಬುದು ಹೊರಗಿನವರ ಗ್ರಹಿಕೆ. ಕಲ್ಕತ್ತೆಯ ಟಾಲಿಗಂಜ್‌ನಲ್ಲಿ ನೆಲೆಯಾದ ಬಂಗಾಳಿ ಚಿತ್ರೋದ್ಯಮಕ್ಕೆ ದಕ್ಷಿಣದ ಕಥೆಗಳು ಹೊಸತೇನಲ್ಲ. ಇದೇ ಹರನಾಥ್ ಅವರು ಜೀತ್ ಅವರನ್ನು ಪರಿಚಯಿಸಿದ 2002ರ ‘ಸಾಥಿ’ಯ ಮೂಲವೂ ತಮಿಳಿನದೇ, ನಮ್ಮಲ್ಲಿ ಆ ಕಥೆ ರವಿಚಂದ್ರನ್ ಅವರ ‘ಓ ನನ್ನ ನಲ್ಲೆ’ಯಾಗಿತ್ತು. ಒಬ್ಬನ ಜಾಗದಲ್ಲಿ ಅವನಂತೆಯೇ ಕಾಣುವ ಇನ್ನೊಬ್ಬ ನಿಲ್ಲುವ ಕಥೆಯೂ ಅಲ್ಲಿನ ಪ್ರೇಕ್ಷಕರಿಗೆ ಹಳೆಯ ಪರಿಚಯ. ತಪನ್ ಸಿನ್ಹಾ ಅವರ ‘ಝಿಂದೇರ್ ಬಂದಿ’ಯಲ್ಲಿ (1961) ಉತ್ತಮ್ ಕುಮಾರ್ ಅವರು ರಾಜನಾಗಿಯೂ ಅವನ ಸ್ಥಾನ ತುಂಬುವ ಕಲ್ಕತ್ತೆಯ ಯುವಕನಾಗಿಯೂ ನಟಿಸಿದ್ದರು.

ನನಗೆ ಹೆಚ್ಚು ಕುತೂಹಲಕರವೆನಿಸುವುದು ಪ್ರಸೇನ್‌ಜಿತ್ ಅವರು ಈ ಪಾತ್ರಗಳನ್ನು ಒಪ್ಪಿಕೊಂಡ ಹೊತ್ತು. ದಶಕಗಳ ಕಾಲ ಮಸಾಲೆ ಚಿತ್ರಗಳ ಭಾರ ಹೊತ್ತಿದ್ದ ಅವರು 2010ರ ‘ಮನೇರ್ ಮಾನುಷ್’ನಲ್ಲಿ ಬಂಗಾಳದ ಸಂತಕವಿ ಲಾಲನ್ ಫಕೀರನಾಗಿಯೂ, ಮರುವರ್ಷದ ‘ಬಾಯಿಶೆ ಶ್ರಾಬಣ್’ನಲ್ಲಿ ಅಮಾನತಾದ, ಬಾಯಿಬಡುಕ ಪೊಲೀಸ್ ಅಧಿಕಾರಿಯಾಗಿಯೂ ಬೇರೆಯದೇ ಬಗೆಯ ಪ್ರೇಕ್ಷಕರ ಮೆಚ್ಚುಗೆ ಪಡೆದಿದ್ದರು. ಹಾಗಿದ್ದೂ ಐವತ್ತರ ಅಂಚಿನಲ್ಲಿ ಮತ್ತೆ ಮೀಸೆ ತಿರುವುವ ಅಧಿಕಾರಿಯಾದರು. ಅಧಿಕಾರಿಯ ಸಿಟ್ಟು ಯಾವ ಭಾಷೆಗಾದರೂ ಸಲೀಸಾಗಿ ಹೋಗುತ್ತದೆ. ಕಷ್ಟವಿರುವುದು ಕಳ್ಳನ ಪಾತ್ರದಲ್ಲಿ. ಕದ್ದು ತಂದ ಪೆಟ್ಟಿಗೆಯ ಮುಚ್ಚಳ ತೆರೆದಾಗ ಒಳಗಿದ್ದ ಪುಟ್ಟ ಹುಡುಗಿ ತನ್ನನ್ನೇ ಅಪ್ಪನೆಂದು ಕರೆಯುವ ಸನ್ನಿವೇಶದಲ್ಲಿ ನಗೆಯೂ ಗಾಬರಿಯೂ ಒಟ್ಟಿಗೆ ಹುಟ್ಟಬೇಕಾದರೆ ನಟನ ಮಾತಿನ ಧಾಟಿ ಆ ನೆಲದ್ದೇ ಆಗಿರಬೇಕಾಗುತ್ತದೆ. ಈ ಕಥೆಯ ಯಾವುದೇ ರಿಮೇಕನ್ನು ಅಳೆಯಬೇಕಾದದ್ದು ಅಲ್ಲಿಯೇ ಹೊರತು ಹೊಡೆದಾಟಗಳಲ್ಲಲ್ಲ.

ಪ್ರಶ್ನೆ: ಒಬ್ಬನೇ ನಟ ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ಕಾಣುವುದು ಹೇಗೆ?

ಉತ್ತರ: ಹಳೆಯ ವಿಧಾನದಲ್ಲಿ ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಮಸೂರದ ಅರ್ಧವನ್ನು ಮುಚ್ಚಿ ನಟನನ್ನು ಒಂದು ವೇಷದಲ್ಲಿ ಚಿತ್ರಿಸುತ್ತಿದ್ದರು, ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ತೆರೆದು ಇನ್ನೊಂದು ವೇಷದಲ್ಲಿ ಚಿತ್ರಿಸುತ್ತಿದ್ದರು. ನಡುವಿನ ಗೆರೆ ಕಾಣದಿರಲೆಂದು ಅಲ್ಲೊಂದು ಕಂಬವನ್ನೋ ಬಾಗಿಲ ಚೌಕಟ್ಟನ್ನೋ ಇಡುವುದುಂಟು. ಈಗ ಆ ಜೋಡಣೆ ಕಂಪ್ಯೂಟರಿನ ಕೆಲಸ. ಬೆನ್ನು ಮಾತ್ರ ಕಾಣುವೆಡೆ ಇಂದಿಗೂ ಡ್ಯೂಪ್ ಸಾಕು. ಈ ಕಥೆಯಲ್ಲಂತೂ ಮೊದಲರ್ಧ ಬಹುಪಾಲು ಕಳ್ಳನದು, ಅಧಿಕಾರಿಯ ಪೂರ್ವವೃತ್ತಾಂತ ಬಳಿಕ ಬರುತ್ತದೆ. ಇಬ್ಬರೂ ಎದುರುಬದುರಾಗುವುದು ಕಡಿಮೆಯಾದ್ದರಿಂದ ತಂತ್ರದ ಹೊರೆಯೂ ಕಡಿಮೆ. ಪದೇಪದೇ ರಿಮೇಕ್ ಆಗಲು ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಪ್ರಶ್ನೆ: ಬಂಗಾಳಿ ಚಿತ್ರದ ನಾಯಕಿ ಯಾರು?

ಉತ್ತರ: ರಿಚಾ ಗಂಗೋಪಾಧ್ಯಾಯ. ಬಂಗಾಳಿ ಮೂಲದವರಾದರೂ ಅವರು ಮೊದಲು ಹೆಸರು ಮಾಡಿದ್ದು 2010ರ ‘ಲೀಡರ್’ ಮೂಲಕ, ಅದೂ ತೆಲುಗಿನಲ್ಲಿ!