ಮನೆ ಕಟ್ಟುವವರ ಪ್ರಶ್ನೋತ್ತರ: ಭಂಗಿ ದಂಟು ಮತ್ತು ಸುಣ್ಣದ ಗೋಡೆ

ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ಹೆಂಪ್‌ಕ್ರೀಟ್ ಬಗ್ಗೆ, ಅಂದರೆ ಭಂಗಿ ಗಿಡದ ದಂಟನ್ನು ಸುಣ್ಣದೊಂದಿಗೆ ಕಲಸಿ ಕಟ್ಟುವ ಗೋಡೆಯ ಬಗ್ಗೆ ಇವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ನಮ್ಮದೊಂದು 30×40 ಅಡಿಯ ನಿವೇಶನವಿದೆ. ಸಿಮೆಂಟನ್ನೂ ಸುಟ್ಟ ಇಟ್ಟಿಗೆಯನ್ನೂ ಆದಷ್ಟು ಕಡಿಮೆ ಬಳಸಿ ಮನೆ ಕಟ್ಟಬೇಕೆಂಬುದು ನಮ್ಮ ಆಸೆ. ಹೆಂಪ್‌ಕ್ರೀಟಿನಿಂದ ಎರಡು ಅಂತಸ್ತಿನ ಮನೆ ಕಟ್ಟಲು ಸಾಧ್ಯವೇ? — ಓದುಗ ದಂಪತಿ, ಬೆಂಗಳೂರು

ಉತ್ತರ: ಸಾಧ್ಯವಿದೆ, ಆದರೆ ಆ ಮನೆಯನ್ನು ಹೊತ್ತು ನಿಲ್ಲುವುದು ಹೆಂಪ್‌ಕ್ರೀಟ್ ಅಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಭಂಗಿ ಗಿಡದ ದಂಟಿನ ಹೊರಸಿಪ್ಪೆಯಿಂದ ಉದ್ದನೆಯ, ಗಟ್ಟಿಯಾದ ನಾರು ಸಿಗುತ್ತದೆ. ನಾರು ಸುಲಿದ ಮೇಲೆ ಉಳಿಯುವ ಹಗುರವಾದ, ಮರದಂಥ ಒಳಭಾಗವನ್ನು ಬೆರಳಿನ ಗೆಣ್ಣಿನಷ್ಟು ಉದ್ದದ ಚೂರುಗಳಾಗಿ ಕತ್ತರಿಸಿ, ಧೂಳು ತೆಗೆದು, ಸುಣ್ಣ ಮತ್ತು ನೀರಿನೊಂದಿಗೆ ಕಲಸಿ ಗೋಡೆಯಾಗಿ ತುಂಬುತ್ತಾರೆ. ಮಾಮೂಲಿ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕೆ.ಜಿ. ತೂಗಿದರೆ ಒಣಗಿದ ಹೆಂಪ್‌ಕ್ರೀಟ್ ಗೋಡೆ 300ರಿಂದ 400 ಕೆ.ಜಿ. ಮಾತ್ರ ತೂಗುತ್ತದೆ. ನಿಮ್ಮ ಮನೆಯ ಕಂಬಕ್ಕೆ ಹಾಕುವ ಎಂ20 ಕಾಂಕ್ರೀಟು 20 ಮೆಗಾಪಾಸ್ಕಲ್ ಒತ್ತಡ ತಾಳುತ್ತದೆ; ಇದು ಸಾಮಾನ್ಯವಾಗಿ ಒಂದು ಮೆಗಾಪಾಸ್ಕಲ್ ಕೂಡ ತಾಳುವುದಿಲ್ಲ. ಹಾಗಾಗಿ ತಾರಸಿಯ ಭಾರವನ್ನು ಮರದ, ಉಕ್ಕಿನ ಅಥವಾ ಆರ್‌ಸಿಸಿ ಚೌಕಟ್ಟು ಹೊರಬೇಕು, ಹೆಂಪ್‌ಕ್ರೀಟ್ ಅದರ ನಡುವಿನ ಜಾಗವನ್ನು ತುಂಬಬೇಕು.

ಈ ಪದ್ಧತಿ ಹುಟ್ಟಿದ್ದೇ ಹಾಗೆ. ಫ್ರಾನ್ಸಿನಲ್ಲಿ ಮರದ ಚೌಕಟ್ಟಿನ ನಡುವೆ ಮಣ್ಣು ತುಂಬಿ ಕಟ್ಟಿದ ಹಳೆಯ ಮನೆಗಳನ್ನು ಸಿಮೆಂಟಿನಿಂದ ದುರಸ್ತಿ ಮಾಡಿದಾಗ, ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಮರ ಕೊಳೆಯತೊಡಗಿತು. ಗೋಡೆಯ ಉಸಿರು ಕಟ್ಟದ ವಸ್ತುವೊಂದನ್ನು ಹುಡುಕುತ್ತಿದ್ದ ಶಾರ್ಲ್ ರಾಸೆಟ್ಟಿ ಅವರು 1980ರ ದಶಕದ ಕೊನೆಯಲ್ಲಿ ನೊಜಾಂ-ಸುರ್-ಸೇನ್ ಊರಿನ ಹಳೆಯ ಮನೆಯೊಂದರಲ್ಲಿ ಭಂಗಿ ದಂಟು ಮತ್ತು ಸುಣ್ಣವನ್ನು ಬಳಸಿದರು. ಅಲ್ಲಿಂದ ಈ ಕೆಲಸ ಯುರೋಪಿನಲ್ಲಿ ಹರಡಿತು.

ಈಗ ನಿಮ್ಮ ನಿವೇಶನದ ಲೆಕ್ಕಕ್ಕೆ ಬರುತ್ತೇನೆ. ಸುತ್ತ ಜಾಗ ಬಿಟ್ಟು 24×32 ಅಡಿಯ ಮನೆ ಕಟ್ಟುತ್ತೀರೆಂದುಕೊಳ್ಳೋಣ. ಹೊರಗೋಡೆಗಳ ಒಟ್ಟು ಉದ್ದ 112 ಅಡಿ, ಎತ್ತರ 10 ಅಡಿ. ಬಾಗಿಲು ಕಿಟಕಿಗಳನ್ನು ಕಳೆದರೆ, ಒಂದು ಅಡಿ ದಪ್ಪದ ಗೋಡೆಗೆ ಪ್ರತಿ ಅಂತಸ್ತಿಗೆ ಸುಮಾರು 25 ಘನ ಮೀಟರ್ ಹೆಂಪ್‌ಕ್ರೀಟ್ ಬೇಕು. ಘನ ಮೀಟರಿಗೆ 100 ಕೆ.ಜಿ.ಗಿಂತ ತುಸು ಹೆಚ್ಚು ದಂಟಿನ ಚೂರು, 200 ಕೆ.ಜಿ. ಸುಣ್ಣ ಎಂದು ಹಿಡಿದರೆ ಎರಡೂವರೆ ಟನ್‌ಗೂ ಮೀರಿದ ಚೂರು ಮತ್ತು ಐದು ಟನ್ ಸುಣ್ಣವಾಯಿತು. ಎರಡೂವರೆ ಟನ್ ಎಂದರೆ ಲಾರಿಗೆ ತೂಕವೇ ಅಲ್ಲ, ಆದರೆ ಈ ಚೂರು ಹತ್ತಿಯಂತೆ ಜಾಗ ತಿನ್ನುತ್ತದೆ. ಬಿಡಿಯಾಗಿ ತುಂಬಿದರೆ ಒಂದು ಅಂತಸ್ತಿನ ಸರಕಿಗೇ 25 ಘನ ಮೀಟರ್ ಮೀರಿದ ಜಾಗ ಬೇಕಾಗುತ್ತದೆ. ದೇಶದಲ್ಲಿ ಈ ದಂಟು ಕಾನೂನುಬದ್ಧವಾಗಿ ಬೆಳೆಯುವ ಮುಖ್ಯ ಪ್ರದೇಶ ಉತ್ತರಾಖಂಡ. ಅಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಇದರ ಜೊತೆಗೆ, ಆರು ಅಂಗುಲದ ಗೋಡೆಯ ಬದಲು ಒಂದು ಅಡಿಯ ಗೋಡೆ ಕಟ್ಟಿದಾಗ ಪ್ರತಿ ಅಂತಸ್ತಿನಲ್ಲೂ 50 ಚದರ ಅಡಿಗಿಂತ ಹೆಚ್ಚು ಒಳಜಾಗ ಕೈಬಿಡುತ್ತದೆ.

ಬೆಂಗಳೂರಿನ ಹವೆ ಹಿತವಾದದ್ದು; ಶಾಖ ತಡೆಯುವ ದಪ್ಪ ಗೋಡೆ ಅಲ್ಲಿ ತೀರಾ ಅಗತ್ಯವಲ್ಲ. ನಿಮ್ಮ ಆಸೆ ಸಿಮೆಂಟನ್ನು ಕಡಿಮೆ ಮಾಡುವುದೇ ಆಗಿದ್ದರೆ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಇದನ್ನು ನಮ್ಮ ಮಣ್ಣಿಗೆ ತಕ್ಕಂತೆ ರೂಪಿಸಿದ್ದಾರೆ. ಅದು ಭಾರವನ್ನೂ ಹೊರುತ್ತದೆ. ಹೆಂಪ್‌ಕ್ರೀಟನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆದರೂ ನಿಮ್ಮ ನಿವೇಶನಕ್ಕೆ ಅದನ್ನು ಸೂಚಿಸಲಾರೆ.

ಪ್ರಶ್ನೆ: ಭಂಗಿ ಎಂದರೆ ಗಾಂಜಾ ಗಿಡವೇ ಅಲ್ಲವೇ? ಅದರ ದಂಟನ್ನು ತರಿಸಿಕೊಂಡರೆ ಪೊಲೀಸರ ತೊಂದರೆ ಬರುವುದಿಲ್ಲವೇ? ನಮ್ಮ ತೋಟದಲ್ಲೇ ಬೆಳೆದುಕೊಳ್ಳಬಹುದೇ? — ಓದುಗರು, ಹಾಸನ

ಉತ್ತರ: ಗಿಡದ ಕುಲ ಒಂದೇ. ಕೈಗಾರಿಕೆಗೆಂದು ಬೆಳೆಯುವ ತಳಿಗಳಲ್ಲಿ ಅಮಲು ತರುವ ಟಿಎಚ್‌ಸಿ ಅಂಶ ತೀರಾ ಕಡಿಮೆ ಇರುತ್ತದೆ. ಉತ್ತರಾಖಂಡದಲ್ಲಿ ಅದರ ಮಿತಿ ಶೇ. 0.3. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಒಣದಂಟು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಾಗಿದ್ದರೂ ಬಿಲ್ಲು, ಬೆಳೆದವರ ಪರವಾನಗಿಯ ಪ್ರತಿ ಮತ್ತು ಪ್ರಯೋಗಾಲಯದ ವರದಿ ಇಲ್ಲದೆ ಸರಕನ್ನು ತರಿಸಬೇಡಿ.

ಬೆಳೆಯುವ ಮಾತು ಬೇರೆ. ಅದೇ ಕಾಯ್ದೆಯ 8ನೇ ಕಲಮು ಆ ಕುಲದ ಯಾವುದೇ ಗಿಡವನ್ನು ಅನುಮತಿಯಿಲ್ಲದೆ ಬೆಳೆಯುವುದನ್ನು ನಿಷೇಧಿಸುತ್ತದೆ, ಮತ್ತು 20ನೇ ಕಲಮಿನಡಿ ಹತ್ತು ವರ್ಷದವರೆಗೆ ಕಠಿಣ ಸಜೆ ವಿಧಿಸಬಹುದು. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು 14ನೇ ಕಲಮು ಹೇಳುತ್ತದೆ. ಅದನ್ನು ಬಳಸಿ 2018ರಲ್ಲಿ ಮೊದಲು ಪರವಾನಗಿ ಕೊಟ್ಟ ರಾಜ್ಯ ಉತ್ತರಾಖಂಡ. ಸರ್ಕಾರದ ಲಿಖಿತ ಅನುಮತಿ ಕೈಯಲ್ಲಿಲ್ಲದೆ ತೋಟದಲ್ಲಿ ಒಂದು ಗಿಡವನ್ನೂ ಹಾಕಬೇಡಿ.

ಪ್ರಶ್ನೆ: ಎಲ್ಲೋರದ ಗುಹೆಗಳು ಭಂಗಿಯಿಂದಾಗಿ ಒಂದೂವರೆ ಸಾವಿರ ವರ್ಷ ಉಳಿದಿವೆ, ಹೆಂಪ್‌ಕ್ರೀಟ್ ಮನೆಯೂ ಅಷ್ಟೇ ಬಾಳುತ್ತದೆ, ಅದು ಗಾಳಿಯ ಇಂಗಾಲವನ್ನೂ ಹೀರುತ್ತದೆ ಎಂದು ಒಂದು ಜಾಹೀರಾತಿನಲ್ಲಿ ಓದಿದೆ. ಇದನ್ನು ನಂಬಬಹುದೇ? — ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಲ್ಲೋರದ ವಿಷಯದಲ್ಲಿ ಅರ್ಧ ನಿಜವಿದೆ. ಪುರಾತತ್ವ ಇಲಾಖೆಯ ರಾಜದೇವ್ ಸಿಂಗ್ ಮತ್ತು ಸಸ್ಯವಿಜ್ಞಾನಿ ಎಂ.ಎಂ. ಸರದೇಸಾಯಿ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ತುಣುಕುಗಳನ್ನು ಗುರುತಿಸಿದರು, ಕೀಟಗಳ ಹಾವಳಿ ಕಡಿಮೆಯಿರಲು ಅದೂ ಕಾರಣವೆಂದು ಅಭಿಪ್ರಾಯಪಟ್ಟರು. ಗುಹೆಗಳು ನಿಂತಿರುವುದು ಬಂಡೆಯಿಂದ. ಭಂಗಿ ಉಳಿಸಿದ್ದು ಗಿಲಾವನ್ನು. ಮಳೆ ಬಿಸಿಲಿಗೆ ಒಡ್ಡಿಕೊಂಡ ಇಂದಿನ ಗೋಡೆಗೆ ಅದನ್ನು ಸಾಕ್ಷಿಯಾಗಿ ತರುವುದು ಸರಿಯಲ್ಲ.

ಇಂಗಾಲದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಒಣ ದಂಟಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 45 ಇಂಗಾಲ, ಅಂದರೆ ಒಂದು ಕಿಲೋ ದಂಟು ಬೆಳೆಯುವಾಗ ಗಾಳಿಯಿಂದ ಒಂದೂವರೆ ಕಿಲೋ ಮೀರಿದ ಇಂಗಾಲದ ಡೈಆಕ್ಸೈಡ್ ಹೀರಿರುತ್ತದೆ. ಒಂದು ಘನ ಮೀಟರ್ ಗೋಡೆಯ ದಂಟಿನಲ್ಲಿ ಹೀಗೆ 170 ಕೆ.ಜಿ.ಯಷ್ಟು ಕಟ್ಟಿಬಿದ್ದಿರುತ್ತದೆ. ಇನ್ನೊಂದು ಕಡೆ, ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ 100 ಕೆ.ಜಿ. ಕಲ್ಲಿನಿಂದ 56 ಕೆ.ಜಿ. ಸುಟ್ಟ ಸುಣ್ಣ ಬರುತ್ತದೆ, ಉಳಿದ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದೇ ಘನ ಮೀಟರಿನ 200 ಕೆ.ಜಿ. ಅರಳಿದ, ಅಂದರೆ ನೀರು ಸೇರಿ ತೂಕ ಹೆಚ್ಚಿದ ಸುಣ್ಣಕ್ಕೆ ಇದು ಸುಮಾರು 120 ಕೆ.ಜಿ. ಆಗುತ್ತದೆ. ಗೋಡೆಯ ಸುಣ್ಣ ಮತ್ತೆ ಕಲ್ಲಾಗುತ್ತಾ ಅದರ ಬಹುಭಾಗವನ್ನು ವರ್ಷಗಳ ಕಾಲ ನಿಧಾನವಾಗಿ ಹಿಂದಕ್ಕೆ ಹೀರುತ್ತದೆಯಾದರೂ ಗೂಡಿಗೆ ಹಾಕಿದ ಕಲ್ಲಿದ್ದಲಿನದು, ಲಾರಿಯ ಡೀಸೆಲ್ಲಿನದು ಹಿಂದೆ ಬರುವುದಿಲ್ಲ. ದಂಟು, ಸುಣ್ಣ, ಮನೆ ಮೂರೂ ಒಂದೇ ಸೀಮೆಯಲ್ಲಿದ್ದರೆ ಜಾಹೀರಾತಿನ ಮಾತು ನಿಲ್ಲುತ್ತದೆ. ದೂರ ಹೆಚ್ಚಿದಷ್ಟೂ ಅದು ಕರಗುತ್ತದೆ. ಪೌಡಿ ಗಢವಾಲ್ ಜಿಲ್ಲೆಯ ಯಮಕೇಶ್ವರದಲ್ಲಿ ವಾಸ್ತುಶಿಲ್ಪಿಗಳಾದ ನಮ್ರತಾ ಕಂಡ್ವಾಲ್ ಮತ್ತು ಗೌರವ್ ದೀಕ್ಷಿತ್ ಭಂಗಿ ದಂಟಿನಿಂದ ಕಟ್ಟಿದ ಅತಿಥಿಗೃಹ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಆ ಬೆಟ್ಟಗಳಲ್ಲಿ ಭಂಗಿ ತಾನಾಗಿಯೇ ಬೆಳೆಯುತ್ತದೆ, ನಾರು ತೆಗೆಯುವ ರೂಢಿಯೂ ಜನರಲ್ಲಿದೆ.

ಪ್ರಶ್ನೆ: ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಒಣಗುವುದೇ ಇಲ್ಲ, ಗೆದ್ದಲಿನ ಕಾಟ ಬೇರೆ. ಇಂಥಲ್ಲಿ ಹೆಂಪ್‌ಕ್ರೀಟ್ ಬೂಷ್ಟು ಹಿಡಿಯುವುದಿಲ್ಲವೇ? — ಓದುಗರು, ಶಿರಸಿ

ಉತ್ತರ: ಕಟ್ಟಿದ ಕಾಲ ತಪ್ಪಿದರೆ ಹಿಡಿಯುತ್ತದೆ. ಘನ ಮೀಟರಿಗೆ 300 ಲೀಟರಿನಷ್ಟು ನೀರು ಹಾಕಿ ಕಲಸಿದ ಗೋಡೆ ಅದು. ಆ ನೀರೆಲ್ಲ ಹೊರಗೆ ಹೋಗಲು ಒಳ್ಳೆಯ ಗಾಳಿಯಿದ್ದರೂ ಆರೆಂಟು ವಾರ ಬೇಕು. ಆದ್ದರಿಂದ ಗೋಡೆಯ ಕೆಲಸವನ್ನು ಡಿಸೆಂಬರಿನಲ್ಲಿ ಆರಂಭಿಸಿ, ಗಿಲಾವನ್ನು ಏಪ್ರಿಲ್ ಒಳಗೆ ಮುಗಿಸಬೇಕು. ಗಿಲಾವು ಸುಣ್ಣದ್ದೇ ಇರಲಿ. ಸಿಮೆಂಟು ಗಿಲಾವು ಅಥವಾ ಪ್ಲಾಸ್ಟಿಕ್ ಪೇಂಟು ಬಳಿದರೆ ಫ್ರಾನ್ಸಿನ ಆ ಮರದ ಮನೆಗಳಿಗಾದ ಗತಿಯೇ ಈ ಗೋಡೆಗೂ ಆಗುತ್ತದೆ. ನಿಮ್ಮ ಭಾಗದ ಹಳೆಯ ಮನೆಗಳಂತೆ ಎತ್ತರದ ಚಿರೆಕಲ್ಲಿನ ಪಂಚಾಂಗ (ತಳಪಾಯದ ಕಟ್ಟೆ), ಮೂರು ನಾಲ್ಕು ಅಡಿ ಚಾಚಿದ ಸೂರು, ಮಳೆ ಬಡಿಯುವ ದಿಕ್ಕಿಗೆ ಜಗಲಿ ಇವು ಇದ್ದರೆ ಹೆಂಪ್‌ಕ್ರೀಟಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಬೇಕಿಲ್ಲ.

ಸುಣ್ಣದ ಕ್ಷಾರ ಬೂಷ್ಟನ್ನೂ ಹುಳುವನ್ನೂ ದೂರವಿಡುತ್ತದೆ ಎಂಬುದು ನಿಜ. ಆದರೆ ಸುಣ್ಣ ಗಾಳಿಯೊಂದಿಗೆ ಸೇರಿ ಕಲ್ಲಾದಂತೆ ಆ ಕ್ಷಾರ ಇಳಿಯುತ್ತದೆ, ಮತ್ತು ಗೋಡೆಯೊಳಗಿನ ಮರದ ಚೌಕಟ್ಟು ಗೆದ್ದಲಿಗೆ ಯಾವತ್ತೂ ಆಹಾರವೇ. ಪಂಚಾಂಗದ ಮೇಲೆ ಲೋಹದ ತಗಡು ಹಾಸಿ, ಅದರ ಮೇಲೆ ಚೌಕಟ್ಟನ್ನು ನಿಲ್ಲಿಸಿ.

ಪ್ರಶ್ನೆ: ನಾನು ಅಮೆರಿಕದ ಮಿನೆಸೋಟಾದಲ್ಲಿದ್ದೇನೆ. ಇಲ್ಲಿ ಹೆಂಪ್‌ಕ್ರೀಟ್ ಮನೆಗೆ ಅನುಮತಿ ಸಿಗುತ್ತದೆಯೇ? — ಓದುಗರು, ಮಿನಿಯಾಪೊಲಿಸ್

ಉತ್ತರ: ಅಲ್ಲಿ 2018ರ ಕೃಷಿ ಕಾಯ್ದೆ ಕೈಗಾರಿಕಾ ಹೆಂಪನ್ನು ಮಾದಕ ವಸ್ತುಗಳ ಪಟ್ಟಿಯಿಂದ ಹೊರಗಿಟ್ಟಿತು. 2024ರ ಅಂತರರಾಷ್ಟ್ರೀಯ ವಸತಿ ಸಂಹಿತೆಯಲ್ಲಿ ‘ಬಿಎಲ್’ ಎಂಬ ಅನುಬಂಧ ಇದಕ್ಕೆಂದೇ ಇದೆ. ಸ್ಥಳೀಯ ಆಡಳಿತ ಅಂಗೀಕರಿಸಿದರೆ ಮಾತ್ರ ಅನುಬಂಧ ಜಾರಿಗೆ ಬರುವುದರಿಂದ ನಿಮ್ಮ ನಗರದ ಕಟ್ಟಡ ವಿಭಾಗದಲ್ಲಿ ಮೊದಲು ವಿಚಾರಿಸಿ. ಅಷ್ಟು ಚಳಿಯ ಸೀಮೆಗೆ ಈ ಗೋಡೆ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ರೈತ. ಬೇಸಿಗೆಯಲ್ಲಿ ಮನೆಯೊಳಗೆ ಕೂರಲಾಗುವುದಿಲ್ಲ. ಭಂಗಿ ದಂಟು ನಮಗೆ ಸಿಗದು. ಪುಂಡಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹೊಲದಲ್ಲೇ ಇವೆ. ಇವುಗಳಿಂದ ಇಂಥ ಗೋಡೆ ಮಾಡಬಹುದೇ? — ಓದುಗರು, ಮಾನ್ವಿ

ಉತ್ತರ: ಈ ಎಲ್ಲ ಪತ್ರಗಳಲ್ಲಿ ನಿಮ್ಮ ಪ್ರಶ್ನೆಯೇ ನನಗೆ ಹೆಚ್ಚು ಇಷ್ಟವಾಯಿತು, ಏಕೆಂದರೆ ಉತ್ತರಾಖಂಡದವರು ತಮ್ಮ ಬೆಟ್ಟದಲ್ಲಿ ಮಾಡಿದ್ದನ್ನು ನೀವು ನಿಮ್ಮ ಹೊಲದಲ್ಲಿ ಕೇಳುತ್ತಿದ್ದೀರಿ. ಭಂಗಿ ದಂಟಿನ ಗುಣವಿರುವುದು ಅದರೊಳಗಿನ ಸೂಕ್ಷ್ಮ ರಂಧ್ರಗಳಲ್ಲಿ. ಅವುಗಳಲ್ಲಿ ನಿಂತ ಗಾಳಿ ಶಾಖವನ್ನು ದಾಟಲು ಬಿಡುವುದಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಅಷ್ಟೇ ದಪ್ಪದ ಹೆಂಪ್‌ಕ್ರೀಟಿನಲ್ಲಿ ಹಾಯುವ ಶಾಖ ಎಂಟರಲ್ಲಿ ಒಂದು ಪಾಲು ಅಥವಾ ಇನ್ನೂ ಕಡಿಮೆ. ಅಗಸೆ ದಂಟು, ಸೂರ್ಯಕಾಂತಿ ದಂಟು, ಭತ್ತದ ಹೊಟ್ಟು, ಪುಂಡಿಯ ಒಳತಿರುಳು ಇವನ್ನೂ ಸುಣ್ಣದೊಂದಿಗೆ ಕಲಸಿ ಸಂಶೋಧಕರು ಪರೀಕ್ಷಿಸಿದ್ದಾರೆ. ನೀವು ಹೇಳಿದ ಮೂರರಲ್ಲಿ ಪುಂಡಿಯೇ ಭಂಗಿಗೆ ಹತ್ತಿರ: ಅದಕ್ಕೂ ಹೊರಗೆ ನಾರಿನ ಸಿಪ್ಪೆ, ಒಳಗೆ ಹಗುರವಾದ ಬೆಂಡು. ಹತ್ತಿ, ತೊಗರಿ ಕಟ್ಟಿಗೆ ಗಟ್ಟಿ ಮತ್ತು ಭಾರ, ಆದ್ದರಿಂದ ಶಾಖ ತಡೆಯುವುದರಲ್ಲಿ ಹಿಂದೆ ಬೀಳುತ್ತವೆ; ಹತ್ತಿ ಕಟ್ಟಿಗೆಯಲ್ಲಿ ಕೀಟದ ಮೊಟ್ಟೆ, ಕೋಶಗಳೂ ಉಳಿದಿರಬಹುದು.

ಮನೆಯನ್ನೇ ಕಟ್ಟುವ ಮುನ್ನ ಕೊಟ್ಟಿಗೆಯ ಪಕ್ಕ ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಒಂದು ತುಂಡು ಗೋಡೆ ಮಾಡಿ ನೋಡಿ. ನಾರು ಸುಲಿದ ಪುಂಡಿ ಕಟ್ಟಿಗೆಯನ್ನು ಚೆನ್ನಾಗಿ ಒಣಗಿಸಿ, ಮೇವು ಕತ್ತರಿಸುವ ಯಂತ್ರದಲ್ಲಿ ಸಣ್ಣದಾಗಿ ಕತ್ತರಿಸಿ, ಜರಡಿ ಹಿಡಿದು ಪುಡಿಯನ್ನು ತೆಗೆದುಬಿಡಿ. ಪುಡಿ ಉಳಿದರೆ ಅದು ಸುಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ, ಗೋಡೆಯ ಒಡಲು ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಚೂರನ್ನು ಮೊದಲು ನೀರು ಚಿಮುಕಿಸಿ ನೆನೆಸಿ. ತೂಕದಲ್ಲಿ ಚೂರಿನ ಎರಡರಷ್ಟು ಅರಳಿದ ಸುಣ್ಣಕ್ಕೆ ಸ್ವಲ್ಪ ಸುರ್ಕಿ, ಅಂದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ ಸೇರಿಸಿ ಕಲಸಿ. ಬರೀ ಸುಣ್ಣ ಬಿಗಿಯಲು ಬಹಳ ಕಾಲ ಹಿಡಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಒಂದು ಹಿಡಿ ತೆಗೆದು ಅದುಮಿ ಬಿಟ್ಟಾಗ ಉಂಡೆ ನಿಲ್ಲಬೇಕು, ಬೆರಳಿಂದ ಒತ್ತಿದರೆ ಒಡೆಯಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅದೇ ಹದ.

ಹಲಗೆ ಕಟ್ಟಿ ಅದರೊಳಗೆ ಆರೇಳು ಅಂಗುಲದ ಪದರಗಳಾಗಿ ತುಂಬಿ, ಅಂಚುಗಳನ್ನು ಮಾತ್ರ ಕೈಯಿಂದ ಗಟ್ಟಿಯಾಗಿ ಅದುಮಿ, ನಡುವೆ ಹಗುರವಾಗಿ ತಟ್ಟಿ. ಕಾಂಕ್ರೀಟಿಗೆ ಧಮ್ಮಸು ಹೊಡೆಯುವಂತೆ ಹೊಡೆದರೆ ರಂಧ್ರಗಳು ಮುಚ್ಚಿ ಇಡೀ ಶ್ರಮ ವ್ಯರ್ಥವಾಗುತ್ತದೆ. ಮರುದಿನ ಹಲಗೆ ಬಿಚ್ಚಬಹುದು. ನಿಮ್ಮ ಬಿಸಿಲು ಬಲು ಚುರುಕಾದ್ದರಿಂದ ಮೊದಲ ವಾರ ಗೋಣಿತಾಟಿನ ನೆರಳು ಕೊಡಿ.

ಇನ್ನೊಂದು ಮಾತು. ಒಂದೇ ಅಂತಸ್ತಿನ ಮನೆಗೆ ಬೇಸಿಗೆಯ ಶಾಖ ಹೆಚ್ಚಾಗಿ ಇಳಿಯುವುದು ಗೋಡೆಯಿಂದಲ್ಲ, ಮೇಲಿನಿಂದ. ನಿಮ್ಮದು ಆರ್‌ಸಿಸಿ ತಾರಸಿ ಅಥವಾ ತಗಡಿನ ಮನೆಯಾಗಿದ್ದರೆ, ಮೊದಲ ಖರ್ಚನ್ನು ಅಲ್ಲಿಗೇ ಮಾಡಿ: ತಾರಸಿಗೆ ಸುಣ್ಣ ಬಳಿಯಿರಿ, ತಗಡಾದರೆ ಅದರ ಕೆಳಗೆ ಒಂದು ಅಟ್ಟ ಕಟ್ಟಿ, ಇದೇ ಪುಂಡಿ ಚೂರನ್ನು ಕಡಿಮೆ ಸುಣ್ಣದಲ್ಲಿ ಹಗುರವಾಗಿ ಕಲಸಿ, ನೆಲದ ಮೇಲೆ ಪೂರ್ತಿ ಒಣಗಿಸಿ, ಅಟ್ಟದ ಮೇಲೆ ಆರು ಅಂಗುಲ ಹರಡಿ. ಅಟ್ಟದ ಹಲಗೆ ಮತ್ತು ತೊಲೆಗಳು ಆ ಭಾರ ತಾಳುತ್ತವೆಯೇ ಎಂದು ಬಡಗಿಯವರಿಂದ ನೋಡಿಸಿ. ತುಂಡು ಗೋಡೆಯನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟು, ದೀಪಾವಳಿಯ ಹೊತ್ತಿಗೆ ನಡುವೆ ಒಂದು ರಂಧ್ರ ಕೊರೆದು ಒಳಗೆ ಒಣಗಿದೆಯೇ, ಬೂಷ್ಟಿನ ವಾಸನೆ ಇದೆಯೇ ಎಂದು ಪರೀಕ್ಷಿಸಿ ಬರೆಯಿರಿ. ನೀವು ಹಾಕಿದ ಪ್ರಮಾಣವನ್ನೂ ಫಲಿತಾಂಶವನ್ನೂ ಇದೇ ಅಂಕಣದಲ್ಲಿ ಪ್ರಕಟಿಸುತ್ತೇನೆ.