ಬಟನ್ ಮುರಿದರೆ ಕೀ ಸೆಟ್ಟನ್ನೇ ಬದಲಿಸಬೇಕೆ?

ವಾದ್ಯ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್, ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ತಲೆಯ ಎರಡೂ ಬದಿಗೆ ತಂತಿ ಬಿಗಿಸುವ ಕೀ ಮೂರು ಮೂರು. ತಿರುಗಿಸುವ ಬಟನ್‌ಗಳು ಹಸಿರು ಮಿಶ್ರಿತ ಹಳದಿ ಪ್ಲಾಸ್ಟಿಕ್‌ನವು. ಶ್ರುತಿ ಮಾಡುವಾಗ ಎರಡು ಕೈಯಲ್ಲೇ ಪುಡಿಯಾದವು, ಉಳಿದವೂ ಬಿರುಕು ಬಿಟ್ಟಿವೆ. ಅಂಗಡಿಯವರು ಆರೂ ಕೀ ಹೊಸದು ಹಾಕಿಸಿ ಅಂತಾರೆ. ಬರೀ ಬಟನ್ ಬದಲಿಸೋಕೆ ಬರಲ್ವಾ? – ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಬರುತ್ತದೆ. ನಿಮ್ಮ ಗಿಟಾರಿಗೆ ಅದೇ ಸರಿಯಾದ ದಾರಿ. ಮೊದಲು ಒಂದು ಪರೀಕ್ಷೆ ಮಾಡಿ. ಬಟನ್ ಉದುರಿದ ಕೀಯ ತಂತಿ ಸಡಿಲಿಸಿ, ಬಟನ್ ಕೂರುತ್ತಿದ್ದ ಬೋಳು ಕಡ್ಡಿಗೆ ಬಟ್ಟೆ ಸುತ್ತಿ ನೋಸ್ ಪ್ಲೇಯರ್‌ನಿಂದ ತಿರುಗಿಸಿ. ತಂತಿ ಸುತ್ತುವ ಕಂಬ ಎಲ್ಲೂ ಹಿಡಿಯದೆ, ಜಾರದೆ ಒಂದೇ ಸಮ ತಿರುಗಿದರೆ ಒಳಗಿನ ಹಲ್ಲುಚಕ್ರ ಚೆನ್ನಾಗಿದೆ ಎಂದೇ ಅರ್ಥ. ಬಟನ್ ಹೋಯಿತೆಂದು ಅದನ್ನು ಎಸೆಯಲು ಕಾರಣವಿಲ್ಲ.

ಕೀ ಸೆಟ್ ಬದಲಿಸುವುದರಲ್ಲಿ ಇನ್ನೊಂದು ತೊಡಕಿದೆ. ನಿಮ್ಮದರಂಥ, ಹಳೆಯ ಕ್ಲೂಸನ್ ಕಂಪನಿ ಮಾದರಿಯ ಕೀಗೆ ಮರದಲ್ಲಿ ಕೊರೆದ ತೂತು ಸುಮಾರು 8.5 ಮಿ.ಮೀ. ಇರುತ್ತದೆ. ಗ್ರೋವರ್ ಕಂಪನಿಯ ರೋಟೊಮ್ಯಾಟಿಕ್‌ನಂಥ, ಪೂರ್ತಿ ಮುಚ್ಚಿದ ಕೀಗೆ 10 ಮಿ.ಮೀ. ಬೇಕು. ಅಂದರೆ ತಲೆಯನ್ನು ಆರು ಕಡೆ ಕೊರೆಯಬೇಕು. ಹಳೆಯ ಗಿಟಾರಿನ ಬೆಲೆ ಅಲ್ಲೇ ಇಳಿಯುತ್ತದೆ, ಕೊರೆದದ್ದನ್ನು ಮತ್ತೆ ಮುಚ್ಚುವುದೂ ಸುಲಭವಲ್ಲ.

ನೀವು ಹೇಳಿದ ಲಕ್ಷಣ ನೋಡಿದರೆ ಬಟನ್ ಸೆಲ್ಯುಲಾಯ್ಡ್‌ನದ್ದಿರಬೇಕು. ಅದರೊಳಗಿನ ಕರ್ಪೂರ ವರ್ಷಗಳು ಕಳೆದಂತೆ ಆವಿಯಾಗಿ ಹೋಗುತ್ತದೆ, ಬಟನ್ ಕುಗ್ಗಿ ಬಿರುಕು ಬಿಡುತ್ತದೆ. ಜೊತೆಗೆ ಆಮ್ಲದ ಹಬೆ ಹೊರಟು ಹತ್ತಿರದ ತಂತಿಗೂ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಒಂದು ಪುಡಿಯಾಗಿದ್ದರೆ ಉಳಿದವೂ ಅದೇ ಹಾದಿಯಲ್ಲಿರುತ್ತವೆ, ಆದ್ದರಿಂದ ಆರನ್ನೂ ಬದಲಿಸಿ. ತೆಗೆದ ಚೂರುಗಳನ್ನು ನೆನಪಿಗೆಂದು ಗಿಟಾರ್ ಪೆಟ್ಟಿಗೆಯೊಳಗೆ ಇಡಬೇಡಿ.

ಹೊಸ ಬಟನ್ ಆರಿಸುವಾಗ ಇಂಥ ಕೀಗೆಂದೇ ಬರುವ, ಸ್ಕ್ರೂ ಇಲ್ಲದ, ಕಡ್ಡಿಯ ಮೇಲೆ ತೂರಿಸುವ ಮಾದರಿಯನ್ನೇ ಕೇಳಿ. ದಾವಣಗೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕಾದೀತು. ಕೀಗೆ ಎಡ-ಬಲ ಉಂಟು, ಬಟನ್‌ಗೆ ಇಲ್ಲ, ಆರೂ ಒಂದೇ. ಆರ್ಡರ್ ಮಾಡುವ ಮುಂಚೆ ಕಡ್ಡಿಯ ಚಪ್ಪಟೆ ಭಾಗದ ಅಗಲ, ದಪ್ಪ, ಉದ್ದ ಮೂರನ್ನೂ ವರ್ನಿಯರ್‌ನಲ್ಲಿ ಅಳೆದಿಡಿ.

ಕೆಲಸಕ್ಕೆ ಕೂರುವಾಗ ತಂತಿ ಬಿಚ್ಚಿ, ಹಿಂಬದಿಯ ಸಣ್ಣ ಸ್ಕ್ರೂ ತೆಗೆದು ಕೀಗಳನ್ನು ಹೊರಕ್ಕೆ ತನ್ನಿ. ಯಾವುದು ಯಾವ ತೂತಿನದೆಂದು ಗುರುತು ಹಾಕಿ. ಉಳಿದ ಹಳೆ ಬಟನ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಪ್ಲೇಯರ್‌ನಿಂದ ಒತ್ತಿದರೆ ಒಡೆಯುತ್ತವೆ. ಬಿಸಿ ಮಾಡಿ ತೆಗೆಯುವ ಯೋಚನೆ ಬೇಡವೇ ಬೇಡ: ಸೆಲ್ಯುಲಾಯ್ಡ್‌ಗೆ ಲೈಟರ್ ತಾಗಿದರೆ ಭಗ್ಗೆಂದು ಉರಿಯುತ್ತದೆ. ಕಡ್ಡಿಗೆ ಅಂಟಿದ ಚೂರನ್ನು ಬ್ಲೇಡಿನಿಂದ ಕೆರೆದು, 400 ನಂಬರಿನ ಎಮರಿ ಪೇಪರ್‌ನಲ್ಲಿ ತುಕ್ಕು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಕಡ್ಡಿಯ ಅಂಚಿನ ಕಚ್ಚುಗಳನ್ನು ಮಾತ್ರ ನುಣುಪು ಮಾಡಬೇಡಿ. ಅಂಟಿಗೆ ಹಿಡಿತ ಸಿಗುವುದೇ ಅಲ್ಲಿ.

ಈಗ ಅಂಟಿಲ್ಲದೆ ಹೊಸ ಬಟನ್ ತೂರಿಸಿ ನೋಡಿ. ಹೆಬ್ಬೆರಳಿನ ಒತ್ತಡಕ್ಕೆ ಕೊನೆವರೆಗೂ ಹೋಗಬೇಕು. ಬಿಗಿಯಾಗಿದ್ದರೆ ಸೂಜಿ ಅರದಿಂದ ಸೀಳನ್ನು ತುಸು ಹಿಗ್ಗಿಸಿ. ಸುತ್ತಿಗೆಯಲ್ಲಿ ತಟ್ಟಿದರೆ ಬಟನ್ ಸೀಳುವುದು ಮಾತ್ರವಲ್ಲ, ಒಳಗಿನ ಹಲ್ಲಿಗೂ ಪೆಟ್ಟು. ಅಂಟಿಗೆ ಸಾಧಾರಣ ಅರಾಲ್ಡೈಟ್ ಸಾಕು. ಎರಡು ಟ್ಯೂಬಿನದೂ ಸಮ ಪ್ರಮಾಣ, ಆರು ಬಟನ್‌ಗೆ ಒಟ್ಟು ಒಂದು ಕಡಲೆಕಾಳಿನಷ್ಟು. ಐದು ನಿಮಿಷದ ಬಗೆ ಬೇಡ. ಆರನೆಯ ಬಟನ್‌ಗೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ, ಬಿಸಿಲಿಗೂ ಬೇಗ ಮೆತ್ತಗಾಗುತ್ತದೆ; ನಮ್ಮ ಕಡೆಯ ಏಪ್ರಿಲ್‌ನಲ್ಲಿ ಮುಚ್ಚಿದ ಕಾರಿನೊಳಗೆ ಗಿಟಾರ್ ಇಡುವವರು ಇದನ್ನು ಗಮನಿಸಿ. ಫೆವಿಕ್ವಿಕ್ ಹಿಡಿಯುವುದೇನೋ ಹಿಡಿಯುತ್ತದೆ, ಆದರೆ ತಿರುಚುವ ಬಲಕ್ಕೆ ಪಟ್ಟೆಂದು ಬಿಡುತ್ತದೆ, ಹೊಸ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬನ್ನೂ ಕೂರಿಸುತ್ತದೆ. ಎಂ-ಸೀಲ್ ದಪ್ಪ, ಸೀಳಿನ ತಳಕ್ಕೆ ಇಳಿಯುವುದಿಲ್ಲ.

ಅಂಟನ್ನು ಬೆಂಕಿಕಡ್ಡಿಯ ತುದಿಯಿಂದ ಸೀಳಿನ ಒಳಗೆ ಮಾತ್ರ ಹಚ್ಚಿ. ಕಡ್ಡಿ ಕೀಯೊಳಗೆ ಹೋಗುವ ಬಾಯಿಗೆ ಸ್ವಲ್ಪ ವ್ಯಾಸಲಿನ್ ಸವರಿರಿ, ಅಂಟು ಹರಿದುಬಂದರೂ ಅಲ್ಲಿ ಕೂರದು. ಬಟನ್‌ಗೂ ಕೀಯ ಮೈಗೂ ನಡುವೆ ಸುಮಾರು 1 ಮಿ.ಮೀ. ಸಂದು ಬಿಡಿ, ವಿಸಿಟಿಂಗ್ ಕಾರ್ಡನ್ನು ಒಂದೆರಡು ಮಡಿಕೆ ಮಾಡಿ ಮಧ್ಯೆ ಇಟ್ಟರೆ ಅಳತೆ ತಪ್ಪುವುದಿಲ್ಲ. ಸಂದಿಲ್ಲದಿದ್ದರೆ ತಿರುಗಿಸಿದಾಗಲೆಲ್ಲ ಉಜ್ಜುತ್ತದೆ. ಬಟನ್ ಮೇಲ್ಮುಖವಾಗಿರುವಂತೆ ಕೀಗಳನ್ನು 24 ಗಂಟೆ ಬಿಡಿ. ತಿರುಗಿ ಕೂರಿಸುವ ಮುಂಚೆ ಹಿಂಬದಿಯ ತಗಡಿನ ಸಣ್ಣ ತೂತಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೇ ತೊಟ್ಟು ಬಿಡಿ.

ಪ್ರಶ್ನೆ: ನನ್ನ ಗಿಟಾರಿನ ಬಟನ್‌ಗಳ ತುದಿಯಲ್ಲಿ ಸ್ಕ್ರೂ ಇದೆ. ಅಂದಕ್ಕೆಂದು ಕಪ್ಪು ಲೋಹದ ಬಟನ್ ತರಿಸಿ ಹಾಕಿದೆ. ಸ್ಕ್ರೂ ಪೂರ್ತಿ ಬಿಗಿ ಮಾಡಿದರೂ ಎರಡು ಅಲ್ಲಾಡುತ್ತವೆ. ಉಳಿದ ನಾಲ್ಕು ಕಷ್ಟಪಟ್ಟು ತಿರುಗುತ್ತವೆ, ಆದರೂ ಶ್ರುತಿ ನಿಲ್ಲುತ್ತಿಲ್ಲ. – ಓದುಗರು, ಚಿತ್ರದುರ್ಗ

ಉತ್ತರ: ಅಲ್ಲಾಡುವ ಎರಡರಲ್ಲಿ ಸ್ಕ್ರೂ ಉದ್ದವಾಗಿದೆ. ಬಟನ್ನನ್ನು ಒತ್ತುವ ಮುಂಚೆಯೇ ಅದರ ತುದಿ ಕಡ್ಡಿಯೊಳಗಿನ ತೂತಿನ ತಳ ಮುಟ್ಟಿ ನಿಂತುಬಿಟ್ಟಿದೆ. ನಿಮ್ಮ ಕೈಗೆ ಬಿಗಿ ಅನ್ನಿಸುತ್ತದೆ, ಬಟನ್‌ಗೆ ತಾಗುವುದೇ ಇಲ್ಲ. ಗಿಟಾರಿನ ಜೊತೆ ಬಂದ ಹಳೆಯ ಸ್ಕ್ರೂಗಳನ್ನೇ ಹಾಕಿ ನೋಡಿ. ಅವು ಹೊಸ ಬಟನ್‌ಗೆ ಗಿಡ್ಡವಾದರೆ ಹೊಸ ಸ್ಕ್ರೂ ತಲೆಯಡಿ ತೆಳು ವಾಷರ್ ಕೊಡಿ, ಇಲ್ಲವೇ ತುದಿಯನ್ನು ಅರದಿಂದ 1 ಮಿ.ಮೀ. ತೇಯಿರಿ. ನಾಲ್ಕಾರು ಸುತ್ತಾದರೂ ಮರೆ (ತೂತಿನೊಳಗಿನ ಸುರುಳಿ ಗೆರೆ) ಹಿಡಿಯದ ಗಿಡ್ಡ ಸ್ಕ್ರೂ ಹಾಕಿದರೆ ಮರೆಯೇ ಕಿತ್ತುಬರುತ್ತದೆ.

ಇದಾದ ಮೇಲೂ ಬಟನ್ ಸ್ವಲ್ಪ ತಿರುಗಿದ ನಂತರವೇ ಕಡ್ಡಿ ತಿರುಗುತ್ತಿದ್ದರೆ ತೂತಿನ ಆಕಾರ ಹೊಂದಿಲ್ಲ. ಒಂದು ಕಂಪನಿಯ ಬಟನ್ ಇನ್ನೊಂದರ ಕಡ್ಡಿಗೆ ಕೂರುವುದೆಂಬ ಖಾತ್ರಿಯಿಲ್ಲ. ಗ್ರೋವರ್, ಗೋಟೋ, ಶಾಲರ್ ಯಾವುದಾದರೂ ಸರಿ, ಅಳೆದೇ ತರಬೇಕು. ವ್ಯತ್ಯಾಸ ಕೂದಲೆಳೆಯಷ್ಟಿದ್ದರೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿನ ಪಟ್ಟಿ ಕತ್ತರಿಸಿ ಚಪ್ಪಟೆ ಬದಿಗೆ ಕೊಡಿ, ಅದು ಸುಮಾರು 0.1 ಮಿ.ಮೀ. ದಪ್ಪ. ಅಂಟು ಹಾಕಬೇಡಿ, ಮುಂದೆ ಬಿಚ್ಚಲು ಬಾರದು.

ಬಿಗಿಯಾದ ನಾಲ್ಕನ್ನು ಈಗಲೇ ಸಡಿಲಿಸಿ. ಶ್ರುತಿಯನ್ನು ಹಿಡಿದು ನಿಲ್ಲಿಸುವುದು ಈ ಸ್ಕ್ರೂ ಅಲ್ಲ, ಒಳಗಿನ ಸುರುಳಿ ಹಲ್ಲು. ಬಟನ್ ತಿರುಗಿಸಿದರೆ ಕಂಬ ತಿರುಗುತ್ತದೆ, ತಂತಿ ಎಳೆದರೆ ಬಟನ್ ತಿರುಗುವುದಿಲ್ಲ. ಅದರ ರಚನೆಯೇ ಹಾಗೆ. ಸ್ಕ್ರೂ ಕೆಲಸ ಬಟನ್ನನ್ನು ಹಿಡಿಯುವುದು, ತಿರುಗುವಾಗ ಕೈಗೆ ಹಿತವಾದ ಬಿಗುವು ಕೊಡುವುದು, ಅಷ್ಟೇ. ವಿಪರೀತ ಬಿಗಿ ಮಾಡಿದರೆ ನಡುವಿನ ನೈಲಾನ್ ವಾಷರ್ ಜಜ್ಜಿಹೋಗುತ್ತದೆ. ನಂಬರ್ 1 ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು, ಎರಡು ಬೆರಳಿಗೆ ಸಣ್ಣ ತಡೆ ಸಿಕ್ಕಲ್ಲಿ ನಿಲ್ಲಿಸಿ.

ಶ್ರುತಿ ಇಳಿಯುವ ಕಾರಣವನ್ನು ಬೇರೆ ಕಡೆ ಹುಡುಕಿ. ತಲೆಯ ಮುಂಬದಿಯ ಷಟ್ಕೋನ ನಟ್ ಸಡಿಲವಿದೆಯೇ? ಬಹುತೇಕ 10 ಮಿ.ಮೀ. ಸ್ಪ್ಯಾನರ್ ಹಿಡಿಸುತ್ತದೆ. ಕಂಬದ ಮೇಲೆ ತಂತಿ ಒಂದರ ಮೇಲೊಂದು ಗಂಟುಗಂಟಾಗಿ ಸುತ್ತಿದೆಯೇ? ಶ್ರುತಿ ಮಾಡುವಾಗ ಟಿಣ್ ಎಂದು ಹಾರುತ್ತಿದ್ದರೆ ತಂತಿ ಮೇಲ್ಸೇತುವೆಯ, ಅಂದರೆ ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಯ, ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸವನ್ನು ಆ ಕಚ್ಚಿಗೆ ಉಜ್ಜಿ. ಸ್ವರ ಏರಿಹೋದರೆ ಕೆಳಗಿಳಿಸಿ ಬಿಡಬೇಡಿ. ಬೇಕಾದ ಸ್ವರಕ್ಕಿಂತ ಕೆಳಗೆ ತಂದು ಮತ್ತೆ ಮೇಲಕ್ಕೇ ಏರಿಸಿ, ಹಲ್ಲಿನ ಸಡಿಲು ಆಗ ಉಳಿಯುವುದಿಲ್ಲ.

ಪ್ರಶ್ನೆ: ಲೋಹದ ಬಟನ್ ತೆಗೆದು ಮರದ ಬಟನ್ ಹಾಕಿದರೆ ನಾದ ಸುಧಾರಿಸುತ್ತದೆಯೇ? – ಓದುಗರು, ಹೊಳಲ್ಕೆರೆ

ಉತ್ತರ: ಕಿವಿಗೆ ಗೊತ್ತಾಗುವಂಥ ಬದಲಾವಣೆ ಆಗದು. ತೂಕ ಮಾತ್ರ ಇಳಿಯುತ್ತದೆ. ಪಟ್ಟಿ ಹಾಕಿಕೊಂಡು ಕೈ ಬಿಟ್ಟಾಗ ನಿಮ್ಮ ಗಿಟಾರಿನ ತಲೆ ನೆಲದ ಕಡೆ ವಾಲುತ್ತಿದ್ದರೆ, ಗಿಬ್ಸನ್ ಕಂಪನಿಯ ಎರಡು ಕೊಂಬಿನ ಎಸ್‌ಜಿ ಆಕಾರದವುಗಳಲ್ಲಿ ಇದು ಜಾಸ್ತಿ, ಆ ವಾಲು ತುಸು ಕಡಿಮೆಯಾದೀತು. ಹಾಗಿಲ್ಲದಿದ್ದರೆ ಆ ದುಡ್ಡಿಗೆ ಒಂದು ಸೆಟ್ ಹೊಸ ತಂತಿ ತನ್ನಿ.